ಬ್ಯಾಂಕ್ ನೋಟಿಸಿನ ‘ಡಿಸ್‌ಚಾರ್ಜ್’: ಕಚೇರಿ ಇಂಗ್ಲಿಷಿನ ಕ್ರಿಯಾಪದ ಅರ್ಥ ಮಾಡಿಕೊಳ್ಳುವುದು ಹೇಗೆ?

ಕೋಲಾರ ಜಿಲ್ಲೆಯವರಿಗೆ ಭಾಷೆಯ ಭಯ ಕಡಿಮೆ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು. ಆದರೂ ಅಂಚೆಯವರು ಸಹಿ ಹಾಕಿಸಿಕೊಂಡು ಕೊಟ್ಟುಹೋದ ಉದ್ದನೆಯ ಲಕೋಟೆ ಒಡೆಯುವಾಗ ಎದೆ ಧಸಕ್ ಅನ್ನುತ್ತದೆ. ಒಳಗಿರೋದು ಇಂಗ್ಲಿಷ್. ಅದೂ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಲ್ಲ. ಬಿ.ಕಾಂ. ಮುಗಿಸಿದ ಮಗಳ ಕೈಗೆ ಕೊಟ್ಟರೆ, "ಪದ ಎಲ್ಲಾ ಗೊತ್ತು ಅಪ್ಪ, ನಾವೇನು ಮಾಡಬೇಕು ಅನ್ನೋದೇ ಗೊತ್ತಾಗ್ತಿಲ್ಲ" ಅನ್ನುತ್ತಾಳೆ.

ಅವಳ ಮಾತು ಸರಿ. ಇಂಥ ಕಾಗದದಲ್ಲಿ ನಾಮಪದಗಳು ತೊಂದರೆ ಕೊಡುವುದಿಲ್ಲ. ಲೋನ್, ಪ್ರಾಪರ್ಟಿ, ನೋಟಿಸ್, ಇಂಟರೆಸ್ಟ್ ಎಲ್ಲ ನಮ್ಮ ಬಾಯಲ್ಲೇ ಇವೆ. ಕೈಕೊಡೋದು ಕ್ರಿಯಾಪದ. ‘ಪೇ’ ಎಂದು ಬರೆಯಬಹುದಾದ ಕಡೆ ಡಿಸ್‌ಚಾರ್ಜ್ ಅಂತ ಬರೆಯುತ್ತಾರೆ. ‘ಗಿವ್’ ಸಾಕಾದ ಕಡೆ ಫರ್ನಿಷ್, ‘ಆಸ್ಕ್’ ಸಾಕಾದ ಕಡೆ ಕಾಲ್ ಅಪಾನ್. ಯಾರು ಏನು ಮಾಡಬೇಕು ಅನ್ನೋದು ಅಡಗಿರುವುದೇ ಈ ಪದಗಳಲ್ಲಿ. ಒಂದನ್ನು ತಪ್ಪಾಗಿ ಓದಿದರೆ ಇಡೀ ಕಾಗದ ತಲೆಕೆಳಗಾಗುತ್ತದೆ.

ಹತ್ತು ಪದದ ಪಟ್ಟಿ ಕೊಟ್ಟರೆ ಹನ್ನೊಂದನೆಯದು ಬಂದಾಗ ಮತ್ತೆ ಅದೇ ಪಾಡು. ಹಾಗಾಗಿ ಒಂದೇ ಕ್ರಿಯಾಪದ ಹಿಡಿದು ಪೂರ್ತಿ ಬಿಡಿಸಿ ನೋಡೋಣ. ದಾರಿ ಗೊತ್ತಾದರೆ ಉಳಿದವು ಜಾಸ್ತಿ ಕಾಡುವುದಿಲ್ಲ. ಆರಿಸಿಕೊಂಡಿರುವುದು ಡಿಸ್‌ಚಾರ್ಜ್. ಕಾರಣ, ಅದು ನಮಗೆ ಗೊತ್ತಿರುವ ಪದ ಅಂತ ನಾವೆಲ್ಲ ಅಂದುಕೊಂಡಿದ್ದೇವೆ.

ಮೊದಲು ವಾಕ್ಯವನ್ನು ತುಂಡು ಮಾಡಿ

ಮನೆ ಅಥವಾ ಅಂಗಡಿ ಅಡ ಇಟ್ಟು ಸಾಲ ತೆಗೆದು ಕಂತು ನಿಂತಾಗ ಬರುವ ನೋಟಿಸಿನಲ್ಲಿ ಸುಮಾರಾಗಿ ಹೀಗೊಂದು ಸಾಲು ಇರುತ್ತದೆ: "ಯು ಆರ್ ಹಿಯರ್‌ಬೈ ಕಾಲ್ಡ್ ಅಪಾನ್ ಟು ಡಿಸ್‌ಚಾರ್ಜ್ ಇನ್ ಫುಲ್ ಯುವರ್ ಲಯಬಿಲಿಟೀಸ್ ವಿದಿನ್ ಸಿಕ್ಸ್ಟಿ ಡೇಸ್ ಫ್ರಮ್ ದ ಡೇಟ್ ಆಫ್ ದಿಸ್ ನೋಟಿಸ್, ಫೇಲಿಂಗ್ ವಿಚ್..." ಇದು ಬ್ಯಾಂಕಿನವರ ಸ್ವಂತ ಭಾಷೆ ಅಲ್ಲ. ಅಡ ಇಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಸೆಕ್ಷನ್ನಿನ ಮಾತನ್ನೇ ಎತ್ತಿ ಹಾಕಿರುತ್ತಾರೆ.

ಇದನ್ನು ಓದಿದವರು ಎರಡು ಥರ ಎಡವುತ್ತಾರೆ. ಕೆಲವರಿಗೆ ‘ಡಿಸ್‌ಚಾರ್ಜ್’ ಕಣ್ಣಿಗೆ ಬಿದ್ದ ಕೂಡಲೇ ಎಸ್‌ಎನ್‌ಆರ್ ಆಸ್ಪತ್ರೆ ನೆನಪಾಗುತ್ತದೆ. ಆಸ್ಪತ್ರೆಯಿಂದ ಬಿಟ್ಟ ಹಾಗೆ ಸಾಲದಿಂದ ಬಿಟ್ಟಿದ್ದಾರೆ ಅಂತ ಸಮಾಧಾನ ಪಡುತ್ತಾರೆ. ಇನ್ನು ಕೆಲವರು ‘ಕಾಲ್ಡ್’ ನೋಡಿ, ಮ್ಯಾನೇಜರು ಬ್ಯಾಂಕಿಗೆ ಕರೆದಿದ್ದಾರೆ, ಒಂದು ದಿನ ಹೋಗಿ ಮಾತಾಡಿ ಬಂದರೆ ಆಯ್ತು ಅಂದುಕೊಳ್ಳುತ್ತಾರೆ. ನಿಘಂಟು ತೆಗೆದವರ ಕಥೆಯೂ ಅಷ್ಟೇ. ‘ವಿಸರ್ಜಿಸು’ ಅಂತ ಸಿಗುತ್ತದೆ. ಗಣಪತಿಯನ್ನು ಕೋಲಾರಮ್ಮನ ಕೆರೆಗೆ ಬಿಟ್ಟ ಹಾಗೆ ಸಾಲವನ್ನೂ ಬಿಟ್ಟು ಬರೋಕಾಗುತ್ತಾ?

ಆದ್ದರಿಂದ ನಿಘಂಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪೆನ್ಸಿಲ್ ತಗೊಳ್ಳಿ. ಹಿಯರ್‌ಬೈ, ಅಫೋರ್‌ಸೆಡ್, ದ ಸೆಡ್ ಥರದ ಪದಗಳನ್ನು ಸದ್ಯಕ್ಕೆ ಹೊಡೆದುಹಾಕಿ. ‘ಈ ಮೂಲಕ’, ‘ಮೇಲೆ ಹೇಳಿದ’ ಅಂತಷ್ಟೇ ಅವುಗಳ ಅರ್ಥ, ಮೊದಲ ಓದಿಗೆ ಬೇಕಿಲ್ಲ. ಆಮೇಲೆ ಅಲ್ಪವಿರಾಮ ಇರುವ ಕಡೆ, ಹೊಸ ಮಾತು ಶುರುವಾಗುವ ಕಡೆ ಒಂದೊಂದು ಗೆರೆ ಎಳೆಯಿರಿ. ಉಳಿಯೋದು ನಾಲ್ಕು ತುಂಡು: ನಿಮ್ಮನ್ನು ಕೇಳಲಾಗಿದೆ, ಸಾಲ ಪೂರ್ತಿ ಡಿಸ್‌ಚಾರ್ಜ್ ಮಾಡಿ, 60 ದಿನದೊಳಗೆ, ಮಾಡದಿದ್ದರೆ ಇಂಥದ್ದು. ಡಿಸ್‌ಚಾರ್ಜ್ ಅಂದರೇನು ಅಂತ ಇನ್ನೂ ನೋಡಿಲ್ಲ. ಆದರೂ ಇದು ಖುಷಿಯ ಕಾಗದ ಅಲ್ಲ ಅಂತ ಆಗಲೇ ಗೊತ್ತಾಯಿತು, ಅಲ್ವಾ?

ಮಾಡುವವರು ಯಾರು?

ಎರಡನೇ ಕೆಲಸ, ಕರ್ತೃವನ್ನು ಹುಡುಕೋದು. ಕಚೇರಿ ಇಂಗ್ಲಿಷಿಗೆ ಕರ್ತೃವನ್ನು ಮರೆಮಾಡುವ ಚಾಳಿ ಇದೆ. ನಮ್ಮ ಸರ್ಕಾರಿ ಕನ್ನಡಕ್ಕೂ ಇದೆ ಅನ್ನಿ. ‘ಸೂಚಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದರೆ ಯಾರು ಸೂಚಿಸಿದರು, ಯಾರು ಕ್ರಮ ಕೈಗೊಳ್ಳುತ್ತಾರೆ ಅನ್ನೋದು ಕಾಣುವುದಿಲ್ಲ.

‘ಯು ಆರ್ ಕಾಲ್ಡ್ ಅಪಾನ್’ ಅನ್ನುವಾಗ ಕೇಳುತ್ತಿರುವುದು ಬ್ಯಾಂಕು. ವಾಕ್ಯದಲ್ಲಿ ಅದರ ಹೆಸರೇ ಇಲ್ಲ. ಅದರ ಹಿಂದೆಯೇ ಬರುವ ‘ಟು ಡಿಸ್‌ಚಾರ್ಜ್’ ಮಾಡಬೇಕಾದವರು ನೀವು. ಒಂದೇ ಸಾಲಿನಲ್ಲಿ ಎರಡು ಕ್ರಿಯಾಪದ, ಇಬ್ಬರು ಕರ್ತೃಗಳು. ಪ್ರತಿ ಕ್ರಿಯಾಪದದ ನೆತ್ತಿಯ ಮೇಲೆ ‘ನಾನು’ ಅಥವಾ ‘ಬ್ಯಾಂಕ್’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬ್ಯಾಂಕು ಸಾಲದಿಂದ ಬಿಟ್ಟಿದೆ ಎಂದುಕೊಂಡವರು ಇಷ್ಟು ಮಾಡಿದ್ದರೆ, ಡಿಸ್‌ಚಾರ್ಜ್ ಮೇಲೆ ‘ನಾನು’ ಎಂದು ಬರೆಯುವಾಗಲೇ ಅನುಮಾನ ಬರುತ್ತಿತ್ತು.

ಯಾವುದನ್ನು? ಇಲ್ಲೇ ಅರ್ಥ ತೀರ್ಮಾನವಾಗೋದು

ಕ್ರಿಯಾಪದದ ಅರ್ಥವನ್ನು ಅದರ ಮುಂದೆ ಕೂತಿರುವ ಪದ ನಿರ್ಧರಿಸುತ್ತದೆ. ಕನ್ನಡದಲ್ಲೂ ಹಾಗೇ ಅಲ್ವಾ? ಕೈ ಕೊಡು, ಮಾತು ಕೊಡು, ಹೆಣ್ಣು ಕೊಡು. ‘ಕೊಡು’ ಒಂದೇ, ಕೊಡೋದು ಬೇರೆ ಬೇರೆ. ಡಿಸ್‌ಚಾರ್ಜ್ ಸಂಗತಿಯನ್ನೂ ಹೀಗೇ ನೋಡಿ.

ಮುಂದೆ ರೋಗಿ ಇದ್ದರೆ ಆಸ್ಪತ್ರೆಯಿಂದ ಮನೆಗೆ ಕಳಿಸೋದು. ಇದು ಎಲ್ಲರಿಗೂ ಗೊತ್ತು.

ಮುಂದೆ ನೀರು ಇದ್ದರೆ ಹೊರಗೆ ಬಿಡೋದು. ನಮ್ಮ ಜಿಲ್ಲೆಯಲ್ಲಿ ಈ ಅರ್ಥಕ್ಕೆ ಕೆ.ಸಿ. ವ್ಯಾಲಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲು ನೀರು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್, ಯೋಜನೆಯ ಗುರಿ. ಇದರ ಬಗ್ಗೆ ಇಂಗ್ಲಿಷ್ ವರದಿ ಓದಿದರೆ ‘ಡಿಸ್‌ಚಾರ್ಜ್ಡ್ ಇಂಟು ದ ಟ್ಯಾಂಕ್ಸ್’ ಎಂಬ ಮಾತು ಸಿಗುತ್ತದೆ. ಇಲ್ಲಿ ‘ಟ್ಯಾಂಕ್’ ಅಂದರೂ ಮನೆ ಮೇಲಿನ ಸಿಂಟೆಕ್ಸ್ ಅಲ್ಲ, ಕೆರೆ.

ಮುಂದೆ ಆರೋಪಿ ಇದ್ದರೆ ವಿಚಾರಣೆ ಶುರುವಾಗುವ ಮೊದಲೇ, ಕೇಸು ನಡೆಸುವಷ್ಟು ಆಧಾರ ಇಲ್ಲ ಅಂತ ಕೋರ್ಟು ಅವನನ್ನು ಕೈಬಿಡೋದು. ಈಗಿನ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 250 ಮತ್ತು 262ನೇ ಸೆಕ್ಷನ್‌ಗಳಲ್ಲಿ ಇದು ಬರುತ್ತದೆ. ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ಖುಲಾಸೆ ಮಾಡೋದಕ್ಕೆ ಇಂಗ್ಲಿಷಿನಲ್ಲಿ ‘ಅಕ್ವಿಟ್’ ಅನ್ನುತ್ತಾರೆ. ಊರಲ್ಲಿ ಎರಡಕ್ಕೂ ‘ಕೇಸು ಬಿದ್ದುಹೋಯ್ತು’ ಅಂತ ಒಂದೇ ಮಾತು. ಕಾಗದದಲ್ಲಿ ಒಂದೇ ಅಲ್ಲ.

ಮುಂದೆ ಡ್ಯೂಟಿ ಇದ್ದರೆ ಕೆಲಸ ನಿರ್ವಹಿಸೋದು. ಸರ್ಕಾರಿ ನೌಕರರ ಮೇಲೆ ಕೈ ಮಾಡಿದರೆ ಬೀಳುತ್ತಿದ್ದ ಕೇಸಿಗೆ ಜನ ಇವತ್ತಿಗೂ ‘353’ ಅನ್ನುತ್ತಾರೆ. ಹಳೇ ಐಪಿಸಿಯ ಆ ಸೆಕ್ಷನ್ ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132. ಎರಡರಲ್ಲೂ ‘ಡಿಸ್‌ಚಾರ್ಜ್ ಆಫ್ ಹಿಸ್ ಡ್ಯೂಟಿ’ ಎಂಬ ಮಾತಿದೆ. ಕರ್ತವ್ಯ ನಿರ್ವಹಿಸೋದು ಅಂತ ಅರ್ಥ.

ಮುಂದೆ ಲಯಬಿಲಿಟಿ ಅಥವಾ ಡೆಟ್, ಅಂದರೆ ಸಾಲ ಇದ್ದರೆ, ತೀರಿಸೋದು. ನಮ್ಮ ನೋಟಿಸಿನಲ್ಲಿ ಇರೋದು ಇದು. ‘ಇನ್ ಫುಲ್’ ಅಂತ ಬೇರೆ ಇದೆ. ನಿಂತುಹೋದ ಮೂರು ಕಂತಿನ ಮಾತಲ್ಲ, ಪೂರ್ತಿ ಬಾಕಿ.

ಇಷ್ಟೊಂದು ಅರ್ಥ ನೆನಪಿಟ್ಟುಕೊಳ್ಳೋದು ಹೇಗೆ ಅಂತ ಹೆದರಬೇಡಿ. ಎಲ್ಲದರ ತಳದಲ್ಲಿ ಇರೋದು ‘ಹೊರೆ ಇಳಿಸು’. ಈ ಪದ ಇಂಗ್ಲಿಷಿಗೆ ಬಂದಿದ್ದೂ ಹಳೇ ಫ್ರೆಂಚಿನ ಅದೇ ಅರ್ಥದ ಪದದಿಂದ. ಸಾಲ ಒಂದು ಹೊರೆ, ಆರೋಪ ಒಂದು ಹೊರೆ, ಕೆಲಸವೂ ಹೊತ್ತ ಹೊಣೆ. ಯಾರ ತಲೆಯಿಂದ ಯಾವ ಹೊರೆ ಇಳಿಯುತ್ತಿದೆ ಅಂತ ಕೇಳಿಕೊಂಡರೆ ಮುಕ್ಕಾಲು ಪಾಲು ಅರ್ಥ ಸಿಗುತ್ತದೆ.

ಎಲ್‌ಐಸಿ ಕ್ಲೇಮಿನ ಹಣ ಬರುವ ಮುಂಚೆ ಸಹಿ ಕೇಳುವ ‘ಡಿಸ್‌ಚಾರ್ಜ್’ ಕಾಗದಕ್ಕೂ ಇದೇ ಲೆಕ್ಕ. ಹಣ ಕೊಟ್ಟ ಮೇಲೆ ಕಂಪನಿಯ ಹೊಣೆ ಇಳಿಯಿತು ಅಂತ ನೀವು ಬರೆದುಕೊಡುವ ಕಾಗದ ಅದು. ಹಾಗಾಗಿ ಅದರಲ್ಲಿರುವ ಮೊತ್ತ ಸರಿಯಿದೆಯಾ ಅಂತ ನೋಡಿಕೊಂಡೇ ಸಹಿ ಹಾಕಬೇಕು.

ಪಕ್ಕದ ಚಿಕ್ಕ ಪದ

ಆಫ್, ಫ್ರಮ್, ಇಂಟು, ಅಪಾನ್. ಇವನ್ನು ಓದುವಾಗ ನಾವು ನುಂಗಿಬಿಡುತ್ತೇವೆ. ಕನ್ನಡದಲ್ಲಿ ‘ಇಂದ’, ‘ಗೆ’, ‘ಅನ್ನು’ ಎಲ್ಲ ಪದಕ್ಕೇ ಅಂಟಿಕೊಂಡು ಬರುವುದರಿಂದ ಬಿಡಿಯಾಗಿ ಹುಡುಕುವ ಅಭ್ಯಾಸ ನಮಗಿಲ್ಲ.

‘ಡಿಸ್‌ಚಾರ್ಜ್ ಆಫ್ ಡ್ಯೂಟಿ’ ಅಂದರೆ ಕೆಲಸ ಮಾಡೋದು. ‘ಡಿಸ್‌ಚಾರ್ಜ್ಡ್ ಫ್ರಮ್ ಸರ್ವೀಸ್’ ಅಂದರೆ ಕೆಲಸದಿಂದ ಬಿಡಿಸೋದು. ಒಂದು ಚಿಕ್ಕ ಪದ ಬದಲಾದರೆ ಕೆಲಸದಲ್ಲಿದ್ದವರು ಮನೆಯಲ್ಲಿರುತ್ತಾರೆ! ಬಿಡಿಸೋದು ಅಂದ ಮಾತ್ರಕ್ಕೆ ಅವಮಾನ ಅಂತಲೂ ಅಲ್ಲ. ಸೇನೆಯಲ್ಲಿ ಅವಧಿ ಮುಗಿಸಿ ಊರಿಗೆ ಬಂದವರ ಹತ್ತಿರ ‘ಡಿಸ್‌ಚಾರ್ಜ್ ಬುಕ್’ ಇರುತ್ತದೆ. ಪಿಂಚಣಿಗೆ, ಮಾಜಿ ಸೈನಿಕರ ಸವಲತ್ತಿಗೆ ಅದೇ ಮುಖ್ಯ ದಾಖಲೆ.

ಕಾಲ್ ಕೂಡ ಹೀಗೇ. ‘ಕಾಲ್ ಫಾರ್’ ಅಂದರೆ ತರಿಸಿಕೊಳ್ಳೋದು, ಟೆಂಡರ್ ಕರೆದ ಹಾಗೆ. ‘ಕಾಲ್ ಅಪಾನ್’ ಅಂದರೆ ಇಂಥದ್ದು ಮಾಡಿ ಅಂತ ಬರಹದಲ್ಲಿ ಒತ್ತಾಯವಾಗಿ ಕೇಳೋದು. ಬ್ಯಾಂಕಿಗೆ ಬನ್ನಿ ಎಂಬ ಕರೆ ಅದರಲ್ಲಿಲ್ಲ.

ಸಾದಾ ಪದ ಕೂರಿಸಿ ನೋಡಿ

ಈಗ ನಿಮ್ಮ ಊಹೆಯನ್ನು ಪರೀಕ್ಷೆ ಮಾಡಿ. ಕಷ್ಟದ ಕ್ರಿಯಾಪದ ತೆಗೆದು ಅಲ್ಲಿ ಒಂದು ಸಾದಾ ಕನ್ನಡ ಕ್ರಿಯಾಪದ ಇಟ್ಟು ಇಡೀ ವಾಕ್ಯ ಜೋರಾಗಿ ಓದಿ. "60 ದಿನದೊಳಗೆ ಸಾಲವನ್ನು ಪೂರ್ತಿ ತೀರಿಸಿ, ಇಲ್ಲದಿದ್ದರೆ..." ಸರಿಯಾಗಿ ಕೂತಿತು. "60 ದಿನದೊಳಗೆ ಸಾಲದಿಂದ ಬಿಡುಗಡೆ ಆಗಿದ್ದೀರಿ, ಇಲ್ಲದಿದ್ದರೆ..." ಅಂತ ಓದಿದರೆ ‘ಇಲ್ಲದಿದ್ದರೆ’ ಅನ್ನುವ ಕಡೆ ನಾಲಿಗೆ ತಡವರಿಸುತ್ತದೆ. ಊಹೆ ತಪ್ಪು ಅಂತ ವಾಕ್ಯವೇ ಹೇಳುತ್ತದೆ.

ಅದಕ್ಕೇ ‘ಫೇಲಿಂಗ್ ವಿಚ್’ ಎಂಬ ಎರಡು ಪದದ ಮೇಲೆ ಕಣ್ಣಿಡಿ. ಹಿಂದಿನ ಕ್ರಿಯಾಪದ ಏನೇ ಇರಲಿ, ಅದು ನೀವು ಮಾಡಬೇಕಾದ ಕೆಲಸ, ಮಾಡದಿದ್ದರೆ ಆಗೋದು ಮುಂದೆ ಬರೆದಿದೆ ಅಂತ ಅದು ಸಾರುತ್ತದೆ. ನಮ್ಮ ನೋಟಿಸಿನಲ್ಲಿ ಮುಂದೆ ಇರೋದು 13(4)ನೇ ಸೆಕ್ಷನ್ನಿನ ಕ್ರಮ, ಅಂದರೆ ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತಗೊಳ್ಳೋದು.

ತಾರೀಕನ್ನೂ ಸರಿಯಾಗಿ ಓದಿ. ‘ಫ್ರಮ್ ದ ಡೇಟ್ ಆಫ್ ದಿಸ್ ನೋಟಿಸ್’ ಅಂತಿದ್ದರೆ ಕಾಗದದ ಮೇಲೆ ಹಾಕಿರುವ ತಾರೀಕಿನಿಂದ ಲೆಕ್ಕ. ನಿಮ್ಮ ಕೈಗೆ ಸಿಕ್ಕ ದಿನದಿಂದ ಅಲ್ಲ. ಲಕೋಟೆ ಪಕ್ಕದ ಮನೆಯಲ್ಲಿ ವಾರ ಕೂತಿದ್ದರೆ ಒಂದು ವಾರ ಹೋಯಿತು ಅಂತಲೇ ಇಟ್ಟುಕೊಳ್ಳಿ.

ಈಗ ನಿಘಂಟು ತೆಗೆಯಿರಿ

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕಲಿಯುವವರ ನಿಘಂಟುಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಅರ್ಥ ಓದಿ ಮುಚ್ಚಬೇಡಿ. ‘ಫಾರ್ಮಲ್’, ‘ಲಾ’ ಎಂಬ ಗುರುತು ಇರುವ ಅರ್ಥಗಳಿಗೆ ಇಳಿದು ಹೋಗಿ. ಅಲ್ಲಿ ವಿವರಣೆಗಿಂತ ಉದಾಹರಣೆ ವಾಕ್ಯ ನೋಡೋದು ಮೇಲು. ನಿಮ್ಮ ಕಾಗದದಲ್ಲಿ ಕ್ರಿಯಾಪದದ ಮುಂದೆ ಇರುವ ಪದವೇ ಆ ಉದಾಹರಣೆಯಲ್ಲೂ ಇದ್ದರೆ ಅರ್ಥ ಸಿಕ್ಕಿತು. ತಿರುಗಿಸಿ ಪರೀಕ್ಷಿಸಲು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಒಳ್ಳೆಯದು. ನೀವು ಊಹಿಸಿದ ಕನ್ನಡ ಪದ ಹಾಕಿ, ಯಾವ ಇಂಗ್ಲಿಷ್ ಬರುತ್ತದೆ ನೋಡಿ.

ಗೂಗಲ್ ಅನುವಾದ ಬಳಸುವುದಾದರೆ ಒಂದು ಪದ ಹಾಕಬೇಡಿ, ಇಡೀ ವಾಕ್ಯ ಹಾಕಿ. ಸಾಲದ ಖಾತೆ ನಂಬರು, ಹೆಸರು, ವಿಳಾಸ ತೆಗೆದು ಹಾಕಿ. ಬಂದ ಕನ್ನಡವನ್ನು ಮೇಲಿನ ‘ಜೋರಾಗಿ ಓದುವ’ ಪರೀಕ್ಷೆಗೆ ಒಡ್ಡಿ.

ಕಾನೂನಿನ ಕಾಗದಕ್ಕೆ ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿದೆ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟಿನಲ್ಲಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಇವೆ. ನಿಮ್ಮ ಕಾಗದದಲ್ಲಿರುವ ಸೆಕ್ಷನ್ ನಂಬರ್ ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ನರಸಾಪುರ, ವೇಮಗಲ್ ಕಡೆ ಜಮೀನು ಹೋದವರು 1966ರ ಕೆಐಎಡಿ (ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ) ಕಾಯ್ದೆಯ 28ನೇ ಸೆಕ್ಷನ್ ಕೇಳಿರುತ್ತಾರೆ. ಅಂತಿಮ ಅಧಿಸೂಚನೆ ಗೆಜೆಟ್‌ನಲ್ಲಿ ಬಂದ ಮೇಲೆ ಜಮೀನು ಸರ್ಕಾರದಲ್ಲಿ ‘ವೆಸ್ಟ್’ ಆಗುತ್ತದೆ ಅಂತ ಅದರಲ್ಲಿದೆ. ನಮ್ಮ ಕಾಯ್ದೆಗಳ ಕನ್ನಡದಲ್ಲಿ ಈ ಪದಕ್ಕೆ ‘ನಿಹಿತವಾಗತಕ್ಕದ್ದು’ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಈ ಕನ್ನಡಕ್ಕೇ ಇನ್ನೊಂದು ಅನುವಾದ ಬೇಕು. ಜಮೀನಿನ ಒಡೆತನ ಸರ್ಕಾರಕ್ಕೆ ಸೇರುತ್ತದೆ ಅಂತಷ್ಟೇ ಅದರ ಅರ್ಥ.

ಇದೇ ದಾರಿಯಲ್ಲಿ ಇನ್ನು ಕೆಲವು

ನರಸಾಪುರದ ಕಾರ್ಖಾನೆಗಳಿಗೆ ಸೇರುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಬರುವ ನೇಮಕಾತಿ ಪತ್ರದಲ್ಲಿ ‘ಸರ್ವ್’ ಎಂಬ ಪದ ನೋಡಿ. ‘ನೋಟಿಸ್ ಶಲ್ ಬಿ ಸರ್ವ್ಡ್ ಆನ್ ಯು’ ಅಂದರೆ ಕಂಪನಿ ನಿಮಗೆ ನೋಟಿಸ್ ತಲುಪಿಸುತ್ತದೆ. ‘ಯು ಶಲ್ ಸರ್ವ್ ದ ನೋಟಿಸ್ ಪೀರಿಯಡ್’ ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ನೀವು ಕೆಲಸ ಮಾಡಬೇಕು. ಎರಡರಲ್ಲೂ ಸರ್ವ್ ಇದೆ, ನೋಟಿಸ್ ಇದೆ. ನೆತ್ತಿಯ ಮೇಲೆ ‘ಕಂಪನಿ’, ‘ನಾನು’ ಅಂತ ಬರೆದುಕೊಂಡರೆ ಗೊಂದಲವೇ ಇಲ್ಲ. ‘ಶಲ್’ ಇದ್ದರೆ ಮಾಡಲೇಬೇಕು ಅಂತ, ‘ಮೇ’ ಇದ್ದರೆ ಮಾಡಬಹುದು ಅಂತ ಓದಿಕೊಳ್ಳಿ. ಆ ‘ಮೇ’ ಕಂಪನಿಯ ಕಡೆಯದೋ ನಿಮ್ಮ ಕಡೆಯದೋ ಅನ್ನೋದನ್ನೂ ನೋಡಿ.

ಅರ್ಜಿ ಹಾಕಿದವರಿಗೆ ‘ಡಿಸ್ಪೋಸ್ಡ್ ಆಫ್’ ಎಂಬ ಉತ್ತರ ಬಂದರೆ ಕಸದ ಬುಟ್ಟಿಗೆ ಹಾಕಿದರು ಅಂತ ಸಿಟ್ಟಾಗಬೇಡಿ. ಆ ಕಚೇರಿಯ ಮಟ್ಟಿಗೆ ಅರ್ಜಿ ಇತ್ಯರ್ಥವಾಯಿತು ಅಂತ ಅರ್ಥ. ನಿಮ್ಮ ಪರವಾಗೋ ವಿರುದ್ಧವಾಗೋ ಅನ್ನೋದು ಮುಂದಿನ ಸಾಲಲ್ಲಿರುತ್ತದೆ. ‘ನಾಟ್ ಬಿ ಎಂಟರ್‌ಟೇನ್ಡ್’ ಅಂದರೆ ಪರಿಗಣಿಸುವುದಿಲ್ಲ. ಮನರಂಜನೆಗೂ ಅದಕ್ಕೂ ಸಂಬಂಧ ಇಲ್ಲ. ‘ಎಕ್ಸಿಕ್ಯೂಟ್’ ಮುಂದೆ ಕ್ರಯಪತ್ರ ಇದ್ದರೆ ಸಹಿ ಹಾಕಿ ಬರೆದುಕೊಡೋದು, ಕೋರ್ಟಿನ ಡಿಕ್ರಿ ಇದ್ದರೆ ಜಾರಿ ಮಾಡೋದು.

ಪೇಪರಿನಲ್ಲಿ ಬರುವ ಬ್ಯಾಂಕಿನ ಸ್ವಾಧೀನ ನೋಟಿಸುಗಳಲ್ಲಿ ಸಾರ್ವಜನಿಕರಿಗೆ ‘ನಾಟ್ ಟು ಡೀಲ್ ವಿತ್ ದ ಪ್ರಾಪರ್ಟಿ’ ಎಂಬ ಎಚ್ಚರಿಕೆ ಇರುತ್ತದೆ. ಈ ಡೀಲ್ ಅಂದರೆ ಕೊಳ್ಳೋದು, ಮಾರೋದು, ಅಡ ಇಡೋದು, ಭೋಗ್ಯಕ್ಕೆ ಹಾಕೋದು ಎಲ್ಲ ಸೇರಿತು. ಸೈಟು ಅಗ್ಗಕ್ಕೆ ಸಿಗ್ತಿದೆ ಅಂತ ಅಡ್ವಾನ್ಸ್ ಕೊಡಲು ಹೊರಟವರು ಈ ಸಾಲು ಎರಡು ಸಲ ಓದಬೇಕು.

ಅರ್ಥವಾದ ಮೇಲೆ

ಮೇಲಿನ ನೋಟಿಸ್ ಬಂದಿದ್ದರೆ ಮೊದಲು ಅಡ ಇಟ್ಟಿರುವುದು ಏನು ಅಂತ ನೋಡಿ. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ, 31ನೇ ಸೆಕ್ಷನ್ನಿನಲ್ಲಿ ಅದು ಇದೆ. ಲೆಕ್ಕದಲ್ಲಿ ತಪ್ಪಿದ್ದರೆ, ತಕರಾರು ಇದ್ದರೆ, 13(3ಎ) ಸೆಕ್ಷನ್ ಪ್ರಕಾರ ಬರಹದಲ್ಲಿ ಆಕ್ಷೇಪಣೆ ಕೊಡಬಹುದು. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸಬೇಕು. ಬಾಯಿಮಾತಿನಲ್ಲಿ ಮ್ಯಾನೇಜರಿಗೆ ಹೇಳಿ ಬಂದಿದ್ದು ಲೆಕ್ಕಕ್ಕಿಲ್ಲ.

ಆಕ್ಷೇಪಣೆ ಬರೆಯುವಾಗ ಅವರ ಇಂಗ್ಲಿಷನ್ನು ಅನುಕರಿಸಲು ಹೋಗಬೇಡಿ. ‘ಐ ಶಲ್ ಡಿಸ್‌ಚಾರ್ಜ್’ ಅಂತ ಸುಮ್ನೆ ಜೋರಿಗೆ ಬರೆದರೆ ಪೂರ್ತಿ ಬಾಕಿ ಕಟ್ಟುತ್ತೇನೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಎಷ್ಟು ಕಟ್ಟಿದ್ದೀರಿ, ಯಾವ ತಾರೀಕಿಗೆ, ಲೆಕ್ಕದಲ್ಲಿ ಏನು ವ್ಯತ್ಯಾಸ, ಇಷ್ಟನ್ನು ಸಾದಾ ಮಾತಿನಲ್ಲಿ ಬರೆಯಿರಿ. ಸಾಲ ಕೊಟ್ಟಿರೋದು ಬ್ಯಾಂಕಲ್ಲದ ಹಣಕಾಸು ಕಂಪನಿ ಆಗಿದ್ದರೆ ಕಾಗದವನ್ನು ಕನ್ನಡದಲ್ಲಿ ಕೊಡಿ ಅಂತಲೇ ಕೇಳಿ. ಸಾಲಗಾರರಿಗೆ ಅವರ ಭಾಷೆಯಲ್ಲಿ ಅಥವಾ ಅರ್ಥವಾಗುವ ಭಾಷೆಯಲ್ಲಿ ಪತ್ರ ಬರೆಯಬೇಕು ಅಂತ ಆರ್‌ಬಿಐ ಅಂಥ ಕಂಪನಿಗಳಿಗೆ ಹೇಳಿದೆ.

ಲಾಯರಿಗೆ ಕೊಡಲು ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಫೋನ್ ನಂಬರ್ 15100. ಹೋಗುವಾಗ ನೋಟಿಸಿನ ಜೊತೆ ಲಕೋಟೆಯನ್ನೂ ತಗೊಂಡು ಹೋಗಿ. ಅಂಚೆ ಮುದ್ರೆ ಇರೋದು ಅದರ ಮೇಲೆ.